ಅಂಬಿನ ಮೊನೆ, ಮೂಸೆಯ ಉಕ್ಕು

ನಂಜನಗೂಡು ದಾಟಿದ ಕಪಿಲೆ ಟಿ. ನರಸೀಪುರದಲ್ಲಿ ಕಾವೇರಿಯನ್ನ ಸೇರ್ತಾಳೆ. ಅಲ್ಲಿ ಉತ್ಖನನ ನಡೆದಾಗ ನವಶಿಲಾಯುಗದವರು ಉಜ್ಜಿ ಉಜ್ಜಿ ಹರಿತ ಮಾಡಿದ ಕಲ್ಲಿನ ಕೊಡಲಿಗಳು ಸಿಕ್ಕವು. ಅಂದ್ರೆ ವೀಕ್ಷಕರೇ, ಹರಿತದ ಚಿಂತೆ ಈ ನೆಲದಲ್ಲಿ ಕಬ್ಬಿಣಕ್ಕಿಂತ ಹಳೇದು.

ಕಬ್ಬಿಣ ಬಂದ ಮೇಲೆ ಹೊಸ ತಲೆನೋವು. ಬಾಣದ ಅಲಗು ಮೆತ್ತಗಿದ್ರೆ ಮೂಳೆಗೆ ತಾಗಿ ಮಡಚುತ್ತೆ, ತೀರಾ ಗಡುಸಾದ್ರೆ ಚಟ್ ಅಂತ ಮುರಿಯುತ್ತೆ. ಎರಡರಲ್ಲೂ ಜಿಂಕೆ ಸಾಯಲ್ಲ, ಗಾಯ ಹೊತ್ತು ಓಡಿ ನರಳುತ್ತೆ. ಎಂಜಿನಿಯರಿಂಗಿನಲ್ಲಿ ನಾವಿದನ್ನ ಕಾರ್ಬನ್ ಲೆಕ್ಕವಾಗಿ ಓದಿದ್ವಿ. ನಮ್ಮ ಕಮ್ಮಾರರಿಗೆ ಅದು ಕೈಯಲ್ಲೇ ಇತ್ತು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ: ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಒಂದಷ್ಟು ಹಸಿರೆಲೆ, ಬಾಯಿ ಮುಚ್ಚಿ ಕುಲುಮೆಗೆ. ಆ ಕಡ್ಡಿಯೇ ಕಾರ್ಬನ್! ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ತಲೆಕೆಡಿಸಿಕೊಂಡ 'ವೂಟ್ಜ್' ಇದೇ ಬಗೆಯ ಉಕ್ಕು.

ಅದು ಹೋಗ್ತಿದ್ದದ್ದು ಕತ್ತಿಗೆ, ಕಲ್ಲುಕುಟಿಗರ ಉಳಿಗೆ, ವಾದ್ಯದ ತಂತಿಗೆ. ಪೊದೆಯಲ್ಲಿ ಕಳೆದುಹೋಗೋ ಅಂಬಿಗೆ ಯಾರು ಸುರೀತಾರೆ? ಬೇಟೆಗಾರ ಸಾದಾ ಕಬ್ಬಿಣ, ಸಾಣೆಕಲ್ಲು ಸಾಕು ಅಂದಿರಬೇಕು.

1972ರ ವನ್ಯಜೀವಿ ಕಾಯ್ದೆ ಬೇಟೆಗೆ ಬೇಲಿ ಹಾಕಿತು, ಹಾಕಲೇಬೇಕಿತ್ತು. ಅಷ್ಟರಲ್ಲಿ ಅಗ್ಗದ ವಿಲಾಯಿತಿ ಉಕ್ಕಿನ ಮುಂದೆ ನಮ್ಮ ಮೂಸೆಗಳು ತಣ್ಣಗಾಗಿ ಎಷ್ಟೋ ಕಾಲವಾಗಿತ್ತು.