ಸುರಂಗದ ನೀರು, ವೆನಿಲ್ಲಾ ಬಳ್ಳಿ

ಕಾಸರಗೋಡು ಜಿಲ್ಲೆಯ ಪೈವಳಿಕೆ, ಬಾಯಾರು ಪರಿಸರದ ಮನೆತೋಟಗಳಿಗೆ ಹೊರನಾಡಿನ ನಾಜೂಕು ಸಸ್ಯಗಳು ಬಂದು ಬೇರೂರಿದ ಚರಿತ್ರೆಯನ್ನು ಅಲ್ಲಿನ ನೀರಿನ ಚರಿತ್ರೆಯಿಂದ ಬೇರ್ಪಡಿಸಲಾಗದು. ಮಳೆಗಾಲದ ನೀರೆಲ್ಲ ಇಳಿಜಾರಿನಲ್ಲಿ ಹರಿದುಹೋಗಿ ಬೇಸಿಗೆಯಲ್ಲಿ ಗುಡ್ಡ ಒಣಗುವ ಈ ಮುರಕಲ್ಲಿನ ಸೀಮೆಯಲ್ಲಿ, ಗುಡ್ಡದ ಒಡಲಿಗೆ ಅಡ್ಡಲಾಗಿ ಒಬ್ಬಾಳು ನುಸುಳುವಷ್ಟು ಅಗಲಕ್ಕೆ ಕೊರೆದ ಸುರಂಗಗಳು ಒರತೆಯನ್ನು ಪಂಪಿನ ಹಂಗಿಲ್ಲದೆ ತೋಟದ ಕೆರೆಗೆ ತಂದವು. ಆ ನೀರು ಅಡಿಕೆಯನ್ನು ಸಾಕಿತು, ಅಡಿಕೆಯ ನೆರಳು ವೀಳ್ಯದೆಲೆಯನ್ನೂ ಕಾಳುಮೆಣಸನ್ನೂ ಸಾಕಿತು. ಬಿಸಿಲಿಗೆ ಬಾಡುವ, ಬುಡದಲ್ಲಿ ನೀರು ನಿಂತರೆ ಕೊಳೆಯುವ ಬಳ್ಳಿಯನ್ನು ಕಾಪಾಡುವ ಹದ ಹೀಗೆ ವೆನಿಲ್ಲಾ ಬರುವ ಬಹು ಮೊದಲೇ ಇಲ್ಲಿನವರಿಗೆ ಕೈಗೂಡಿತ್ತು.

ಮೆಕ್ಸಿಕೋ ಮೂಲದ ವೆನಿಲ್ಲಾ, ಆರ್ಕಿಡ್ ಅಂದರೆ ಸೀತಾಳೆಯ ಕುಲಕ್ಕೆ ಸೇರಿದ ಬಳ್ಳಿ. ಹೂವಿನ ಗಂಡು, ಹೆಣ್ಣು ಭಾಗಗಳ ನಡುವೆ ಪೊರೆಯೊಂದು ಅಡ್ಡವಿರುವುದರಿಂದ ತವರಿನಾಚೆ ಅದು ತಾನಾಗಿ ಕಾಯಿ ಕಟ್ಟುವುದು ತೀರ ಅಪರೂಪ. ಆ ಪೊರೆಯನ್ನು ಕಡ್ಡಿಯಿಂದ ಎತ್ತಿ ಪರಾಗವನ್ನು ಒತ್ತುವ ಸುಲಭ ವಿಧಾನವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಕೊಂಡವನು ಎಡ್ಮಂಡ್ ಆಲ್ಬಿಯಸ್ ಎಂಬ 12 ವರ್ಷದ ಗುಲಾಮ ಬಾಲಕ. ಐಸ್‌ಕ್ರೀಂ ಸವಿಯುವವರಲ್ಲಿ ಅವನ ಹೆಸರು ಬಲ್ಲವರು ವಿರಳ.

2000ದ ಏಪ್ರಿಲ್‌ನಲ್ಲಿ ಚಂಡಮಾರುತವು ಮಡಗಾಸ್ಕರ್‌ನ ವೆನಿಲ್ಲಾ ತೋಟಗಳನ್ನು ಕೆಡವಿದ ಬಳಿಕ ಜಗತ್ತಿನಾದ್ಯಂತ ಬೆಲೆ ಏರಿ, ಕಾಸರಗೋಡು ಮತ್ತು ದಕ್ಷಿಣ ಕನ್ನಡದ ತೋಟಗಳಲ್ಲಿ ಹಸಿ ಕಾಯಿಗೇ ಕಿಲೋಗೆ ಸಾವಿರಗಟ್ಟಲೆ ರೂಪಾಯಿ ದೊರೆಯತೊಡಗಿತು. ಹೂವು ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುವುದರಿಂದ ಆ ದಿನಗಳಲ್ಲಿ ಬೆಳಗಿನ ಹೊತ್ತೆಲ್ಲ ಬಳ್ಳಿಗೇ ಮೀಸಲಾಯಿತು. ಕಾಯಿ ಬಲಿಯಲು ಸುಮಾರು ಒಂಬತ್ತು ತಿಂಗಳು ಬೇಕು. ಕೊಯ್ದ ಕಾಯಿಗಾದರೋ ಪರಿಮಳವಿಲ್ಲ, ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ನಿಧಾನವಾಗಿ ಒಣಗಿಸಿ, ತಿಂಗಳುಗಟ್ಟಲೆ ಮುಚ್ಚಿಟ್ಟ ಮೇಲಷ್ಟೇ ಅದು ಘಮಿಸುತ್ತದೆ. ಕಳ್ಳರ ಭಯದಿಂದ ರಾತ್ರಿ ಕಾವಲೂ ಬೇಕಾಯಿತು.

ಮಡಗಾಸ್ಕರ್ ಚೇತರಿಸಿಕೊಂಡು, ದುಬಾರಿ ಬೆಲೆಗೆ ಬೇಸತ್ತ ಕಂಪನಿಗಳು ಕೃತಕ ವೆನಿಲಿನ್‌ನತ್ತ, ಅಂದರೆ ರಾಸಾಯನಿಕವಾಗಿ ತಯಾರಿಸಿದ ಪರಿಮಳದತ್ತ, ಹೊರಳಿದಾಗ 2004ರಿಂದಾಚೆಗೆ ಬೆಲೆ ನೆಲಕಚ್ಚಿತು. ಬೇರುಕೊಳೆ ರೋಗವು ಉಳಿದ ಬಳ್ಳಿಗಳನ್ನು ಕೆಡಿಸಿತು. ಸೋಲನ್ನು ಬೆಳೆಗಾರರ ದುರಾಸೆಯ ತಲೆಗೆ ಕಟ್ಟುವ ವಾಡಿಕೆಯಿದೆಯಾದರೂ ಕೊಕ್ಕೋದ ಕಥೆ ಆ ತೀರ್ಮಾನವನ್ನು ಒಪ್ಪುವುದಿಲ್ಲ. ಇದೇ ಅಡಿಕೆಯ ನೆರಳಿಗೆ ಬಂದ ಕೊಕ್ಕೋದ ಬೆಲೆ 1980ರ ಸುಮಾರಿಗೆ ಕುಸಿದಾಗ, ಕರ್ನಾಟಕ, ಕೇರಳಗಳ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾಗಿ 1973ರಲ್ಲಿ ಹುಟ್ಟಿದ ಕ್ಯಾಂಪ್ಕೊ ಖರೀದಿಗಿಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಕೊಕ್ಕೋ ಇಂದಿಗೂ ತೋಟಗಳಲ್ಲಿ ಉಳಿದಿದೆ. ವೆನಿಲ್ಲಾಕ್ಕೆ ಅಷ್ಟು ಗಟ್ಟಿಯಾದ ಆಸರೆ ಒದಗಲಿಲ್ಲ.