ಅಳಿಯಂದಿರು ಹನ್ನೆರಡು ವರ್ಷ ಮುತ್ತಿದ ಊರು

ಬೆಂಗಳೂರಿನಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವವರು ಮಳವಳ್ಳಿ ಬಿಟ್ಟ ಮೇಲೆ ಸತ್ತೇಗಾಲದ ಹತ್ತಿರ ಕಾವೇರಿ ದಾಟುತ್ತಾರೆ. ಬಸ್ಸಿನಲ್ಲಿ ಅರ್ಧ ಜನ ನಿದ್ದೆಯಲ್ಲಿರುತ್ತಾರೆ. ಎಚ್ಚರ ಇದ್ದವರು ಹೊಳೆಗೆ ಕೈ ಮುಗಿದು ಮತ್ತೆ ಕೊಳ್ಳೇಗಾಲದ ಕಡೆ ಮುಖ ಮಾಡುತ್ತಾರೆ. ನಾನೂ ಎಷ್ಟೋ ಸಲ ಹೀಗೇ ದಾಟಿದವನು. ಅಲ್ಲಿಂದ ಸ್ವಲ್ಪ ದೂರದಲ್ಲಿ, ಹೊಳೆಯ ನಡುವೆಯೇ, ಒಂದು ಕಾಲದಲ್ಲಿ ಕೋಟೆ ಕಟ್ಟಿದ ರಾಜಧಾನಿ ಇತ್ತು ಎಂಬುದು ನಮ್ಮಲ್ಲಿ ಬಹಳ ಜನರ ತಲೆಗೆ ಬರುವುದಿಲ್ಲ. ಶಿವನಸಮುದ್ರ ಅಂದರೆ ನಮಗೆ ಜಲಪಾತ, ಅದು ಬಿಟ್ಟರೆ ಕರೆಂಟು. ಅಷ್ಟೇ.

ಈಚೆಗೆ ಪರಿಚಯದವರೊಬ್ಬರು ಚೆಕ್ ದೇಶ ನೋಡಿಕೊಂಡು ಬಂದು ಚೆಸ್ಕಿ ಕ್ರುಮ್ಲೋವ್ ಎಂಬ ಊರಿನ ಫೋಟೋಗಳನ್ನು ತೋರಿಸಿದರು. ವ್ಲ್ತಾವಾ ಅನ್ನುವ ನದಿ ಊರನ್ನು ಬಳಸಿಕೊಂಡು ಹರಿಯುತ್ತದೆ, ಬಂಡೆಯ ಮೇಲೆ ಹದಿಮೂರನೆಯ ಶತಮಾನದಲ್ಲಿ ಶುರುವಾದ ಕೋಟೆ. 1992ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. "ಇಂಥದ್ದು ನಮ್ಮಲ್ಲಿ ಇಲ್ಲ ಬಿಡಿ" ಅಂದರು. ಇತ್ತು ಸ್ವಾಮಿ, ಅಂದೆ. ಅದನ್ನು ನೆಪ ಮಾಡಿಕೊಂಡೇ ಈ ಸಲ ಜಲಪಾತದ ಕಡೆ ತಲೆ ಹಾಕದೆ, ಊರನ್ನು ನೋಡಲೆಂದೇ ನಡುಗಡ್ಡೆಗೆ ಹೋಗಿದ್ದೆ.

ಇಲ್ಲಿ ಕಾವೇರಿ ಎರಡು ಕವಲಾಗುತ್ತದೆ. ಒಂದು ಕವಲು ಗಗನಚುಕ್ಕಿಯಲ್ಲಿ ಧುಮುಕಿದರೆ ಇನ್ನೊಂದು ಭರಚುಕ್ಕಿಯಲ್ಲಿ ಧುಮುಕುತ್ತದೆ. ಕೆಳಗೆ ಎರಡೂ ಮತ್ತೆ ಕೂಡುತ್ತವೆ. ನಡುವೆ ಉಳಿದ ನೆಲ ಸುಮಾರು ಮೂರು ಮೈಲಿ ಉದ್ದ. ಕೋಟೆಗೆ ಕಂದಕ ತೋಡಲು ಬೇರೆ ರಾಜರು ಸಾವಿರಾರು ಆಳುಗಳನ್ನು ಹಚ್ಚಬೇಕಿತ್ತು. ಇಲ್ಲಿ ಆ ಕೆಲಸವನ್ನು ಹೊಳೆಯೇ ಮಾಡಿಕೊಟ್ಟಿದೆ. ತುದಿಯಲ್ಲಿ ಪ್ರಪಾತ, ಎರಡು ಪಕ್ಕದಲ್ಲಿ ಬಂಡೆಗಳ ನಡುವೆ ಸುಳಿ. ಸೇನೆ ಬರಬೇಕಾದರೆ ಹೊಳೆ ಹಾಯಲು ಆಗುವ ಜಾಗದಲ್ಲೇ ಬರಬೇಕು. ಆ ಜಾಗವನ್ನು ಕಾದರೆ ಊರನ್ನೇ ಕಾದಂತೆ.

ಇದರ ಸುತ್ತ ಒಂದು ಕತೆ ಇದೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಸೀಮೆಯನ್ನೆಲ್ಲ ಸುತ್ತುತ್ತಿದ್ದ ಫ್ರಾನ್ಸಿಸ್ ಬುಕಾನನ್ ಇಲ್ಲಿಗೂ ಬಂದು ಬರೆದುಕೊಂಡ. ಆಮೇಲೆ ಬಂದ ಗೆಜೆಟಿಯರುಗಳು ಅದನ್ನೇ ಮತ್ತೆ ಮತ್ತೆ ಹೇಳಿದವು. ಗಂಗರಾಜ ಎಂಬವನು ಊರು ಕಟ್ಟಿದ. ಮುಹೂರ್ತ ತಪ್ಪಿತು, ನಿನ್ನ ವಂಶ ಮೂರು ತಲೆಮಾರು ಮಾತ್ರ ಆಳುತ್ತದೆ ಅಂದರು. ಅವನ ಮಗ ನಂದಿರಾಜ. ಏನೋ ಮೈಲಿಗೆಯ ಪ್ರಾಯಶ್ಚಿತ್ತಕ್ಕೆಂದು ಹೆಂಡತಿಯನ್ನೂ ಕೂರಿಸಿಕೊಂಡು ಕುದುರೆಯ ಸಮೇತ ಗಗನಚುಕ್ಕಿಗೆ ಹಾರಿದನಂತೆ. ಮೂರನೆಯವನೂ ಗಂಗರಾಜನೇ. ಊರನ್ನು ಬೆಳೆಸಿದ, ಸಿರಿಯಲ್ಲಿ ಬಾಳಿದ. ಇಬ್ಬರು ಹೆಣ್ಣುಮಕ್ಕಳು. ಒಬ್ಬಳನ್ನು ಸತ್ತೇಗಾಲದ ಹತ್ತಿರದ ಕಿಲಿಮಲೆಯ ದೊರೆಗೆ ಕೊಟ್ಟ, ಇನ್ನೊಬ್ಬಳನ್ನು ಮದ್ದೂರಿನ ಹತ್ತಿರದ ನಗರಕೆರೆಯವನಿಗೆ ಕೊಟ್ಟ.

ತೊಂದರೆ ಶುರುವಾಗಿದ್ದು ಇಲ್ಲಿ. ನಮ್ಮಪ್ಪನ ಮನೆಯ ವೈಭವ ನಿಮ್ಮಲ್ಲಿ ಎಲ್ಲಿದೆ ಅಂತ ಇಬ್ಬರೂ ಗಂಡಂದಿರನ್ನು ದಿನಾ ಚುಚ್ಚಿದರಂತೆ. ಅಳಿಯಂದಿರಿಗೆ ರೋಸಿ ಹೋಯಿತು. ಇಬ್ಬರೂ ಸೇರಿ ದಂಡು ಕಟ್ಟಿಕೊಂಡು ಮಾವನ ಊರನ್ನೇ ಮುತ್ತಿದರು. ಹನ್ನೆರಡು ವರ್ಷ ಮುತ್ತಿದರೂ ನಡುಗಡ್ಡೆಗೆ ಕಾಲಿಡಲಾಗಲಿಲ್ಲ. ಕೊನೆಗೆ ಗಂಗರಾಜನ ದಳವಾಯಿಗೆ ಲಂಚ ಕೊಟ್ಟರು. ಅವನು ಹೊಳೆ ಹಾಯುವ ಒಂದೇ ಒಂದು ಜಾಗದ ಕಾವಲು ತೆಗೆಸಿ, ಒಳಗೆ ರಾಜನ ಜೊತೆ ಚದುರಂಗಕ್ಕೆ ಕೂತ. ಹೊರಗೆ ಗಲಾಟೆ ಕೇಳಿದಾಗ ಮಕ್ಕಳು ಆಡುತ್ತಿವೆ ಬಿಡಿ ಅಂದ. ರಾಜ ನಂಬಲಿಲ್ಲ. ಕತ್ತಿ ಹಿರಿದು ಮೊದಲು ಅಂತಃಪುರದ ಹೆಂಗಸರನ್ನೂ ಮಕ್ಕಳನ್ನೂ ಕೊಂದು, ಆಮೇಲೆ ಶತ್ರುಗಳ ನಡುವೆ ನುಗ್ಗಿ ಸತ್ತ. ಇದನ್ನು ನೋಡಿ ಹೌಹಾರಿದ ಅಳಿಯಂದಿರು ಗಗನಚುಕ್ಕಿಗೆ ಹಾರಿಕೊಂಡರು, ಅವರ ಹಿಂದೆ ಹೆಂಡತಿಯರೂ ಹಾರಿದರು. ಆಮೇಲೆ ಚನ್ನಪಟ್ಟಣದ ಜಗದೇವರಾಯನೂ ತಲಕಾಡಿನ ಶ್ರೀರಂಗರಾಜನೂ ಬಂದು ಊರಿನ ಜನರನ್ನೂ ಸಂಪತ್ತನ್ನೂ ಸಾಗಿಸಿಕೊಂಡು ಹೋದರು.

ಕತೆ ಚೆನ್ನಾಗಿದೆ, ಯಾರಾದರೂ ಸಿನಿಮಾ ಮಾಡಬಹುದು :-) ಆದರೆ ಇದರಲ್ಲಿ ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ. ಯಾರು ಅಂದರೆ, ಕೃಷ್ಣದೇವರಾಯ!

ಚರಿತ್ರೆಯಲ್ಲಿ ಈ ಕೋಟೆ ಉಮ್ಮತ್ತೂರಿನ ದೊರೆಗಳದು. ಉಮ್ಮತ್ತೂರು ಈಗ ಚಾಮರಾಜನಗರ ತಾಲ್ಲೂಕಿನ ಒಂದು ಹಳ್ಳಿ. ಹದಿನೈದನೆಯ ಶತಮಾನದ ಕೊನೆಯಲ್ಲಿ ಅಲ್ಲಿನವರು ಸಾಮಾನ್ಯ ಪಾಳೆಯಗಾರರಾಗಿರಲಿಲ್ಲ. 'ಪೆನುಗೊಂಡ ಚಕ್ರೇಶ್ವರ' ಎಂಬ ಬಿರುದು ಹಾಕಿಕೊಳ್ಳುತ್ತಿದ್ದರು. ಪೆನುಗೊಂಡೆ ಎಲ್ಲಿ, ಉಮ್ಮತ್ತೂರು ಎಲ್ಲಿ! ವಿಜಯನಗರದ ಅಂಗಳದಲ್ಲೇ ನಿಂತು ಇದು ನನ್ನದು ಅಂದ ಹಾಗೆ. 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯ ಇದನ್ನು ಸಹಿಸಲಿಲ್ಲ. 1510ರಿಂದ 1512ರವರೆಗೆ ಉಮ್ಮತ್ತೂರಿನ ಮೇಲೆ ದಂಡಯಾತ್ರೆ ನಡೆಯಿತು. ಗಂಗರಾಜ ಸೋತು ಓಡುವಾಗ ಕಾವೇರಿಯಲ್ಲಿ ಮುಳುಗಿ ಸತ್ತ ಎಂದು ಇತಿಹಾಸಕಾರರು ಬರೆಯುತ್ತಾರೆ. ಅವನ ಸೀಮೆಯೆಲ್ಲ ಶ್ರೀರಂಗಪಟ್ಟಣ ರಾಜಧಾನಿಯಾಗಿ ಒಂದು ಹೊಸ ಪ್ರಾಂತವಾಯಿತು.

ಕತೆಯಲ್ಲಿ ಬರುವ ಜಗದೇವರಾಯನಾದರೋ ಆ ಶತಮಾನದ ಕೊನೆಯ ಕಾಲದವನು. ಅಂದರೆ ಬೇರೆ ಬೇರೆ ಕಾಲದಲ್ಲಿ ಆದ ಹಾಳುಗಳನ್ನು ಜನ ಒಂದೇ ಕತೆಯೊಳಗೆ ಹೊಲಿದಿದ್ದಾರೆ ಅಂತ ನನ್ನ ಊಹೆ. ಹನ್ನೆರಡು ವರ್ಷದ ಮುತ್ತಿಗೆಯನ್ನೂ ಹಾಗೆಯೇ ನೋಡಬೇಕು. ಕನ್ನಂಬಾಡಿ ಕಟ್ಟೆ ಇಲ್ಲದ ಕಾಲ ಅದು. ಕೊಡಗಿನಲ್ಲಿ ಮಳೆ ಬಿದ್ದರೆ ಆಷಾಢ, ಶ್ರಾವಣದಲ್ಲಿ ಈ ಹೊಳೆಗೆ ಆನೆಯೂ ಇಳಿಯಲಾರದು. ಬೇಸಿಗೆಯಲ್ಲಿ ಬಂಡೆ ಎದ್ದು ಕಾಣುತ್ತದೆ. ಎಷ್ಟೇ ದೊಡ್ಡ ದಂಡಾದರೂ ನಿಜವಾಗಿ ಕಾದಾಡಲು ಸಿಗುತ್ತಿದ್ದುದು ವರ್ಷಕ್ಕೆ ಕೆಲವೇ ತಿಂಗಳು. ಕೃಷ್ಣದೇವರಾಯನಂಥವನಿಗೂ ಈ ಮೂಲೆಯ ದಂಡಯಾತ್ರೆಗೆ ಎರಡು ವರ್ಷದ ಮೇಲೆ ಹಿಡಿದದ್ದರಲ್ಲಿ ಹೊಳೆಯ ಪಾಲೂ ಇದ್ದೀತು.

ಜನರ ನೆನಪಿನಲ್ಲಿ ರಾಯನ ಹೆಸರು ಯಾಕೆ ಅಳಿಸಿತು? ದೂರದ ಸಾಮ್ರಾಟನ ರಾಜಕಾರಣ ಯಾರ ಮನೆಯ ಕತೆಯೂ ಅಲ್ಲ, ಮಾವ ಅಳಿಯಂದಿರ ಜಗಳ ಎಲ್ಲರ ಮನೆಯದ್ದು. ಅಷ್ಟು ಅರ್ಥವಾಗುತ್ತದೆ. ಅರ್ಥವಾಗದ್ದು ಇನ್ನೊಂದು. ಊರು ಹಾಳಾದದ್ದು ಸಾಮ್ರಾಜ್ಯದ ಆಸೆಯಿಂದ. ಕತೆ ಹೊರೆ ಹೊರಿಸಿದ್ದು ಇಬ್ಬರು ಹೆಣ್ಣುಮಕ್ಕಳ ಬಾಯಿಯ ಮೇಲೆ. ಲಂಚ ತಿಂದ ದಳವಾಯಿ ಏನಾದ ಅಂತ ಹೇಳುವುದಿಲ್ಲ. ಅಂತಃಪುರದಲ್ಲಿ ಸತ್ತವರಿಗೆ ಹೆಸರಿಲ್ಲ, ಕೊಂದ ರಾಜನ ಸಾವು ಮಾತ್ರ ವೀರನ ಸಾವು. ಇಂಗ್ಲಿಷ್ ಗೆಜೆಟಿಯರುಗಳೂ ಹೆಣ್ಣುಮಕ್ಕಳ ಸೊಕ್ಕೇ ಕಾರಣ ಅಂತ ಮುಗಿಸಿಬಿಡುತ್ತವೆ.

ನಡುಗಡ್ಡೆಯಲ್ಲಿ ಟೀ ಕುಡಿಯುತ್ತಾ ಅಂಗಡಿಯಾಕೆಗೆ ಈ ಕತೆ ಹೇಳಿ, ಕೇಳಿದ್ದೀರಾ ಅಂದೆ. "ಊರು ಮುಳುಗುದ್ರೆ ಹೆಣ್ಮಕ್ಳು ಮೇಲೆ ಹಾಕ್ಬುಡದು ಯಾವಾಗ್ಲೂ ಇದ್ದುದ್ದೇ ಕನಣ್ಣ" ಅಂದು ಲೋಟ ತೊಳೆಯತೊಡಗಿದರು.

ಈಗ ಅಲ್ಲಿ ಏನಿದೆ? ಅರಮನೆ, ಪೇಟೆ ಹುಡುಕಿಕೊಂಡು ಹೋದರೆ ನಿರಾಶೆಯೇ. ಬಹಳ ಕಾಲ ಪಾಳುಬಿದ್ದ ಜಾಗ. ಉಳಿದದ್ದು ದೇವಸ್ಥಾನಗಳು. ಜಗನ್ಮೋಹನ ರಂಗನಾಥ ಇಲ್ಲಿ ಮಲಗಿದ್ದಾನೆ. ಶ್ರೀರಂಗಪಟ್ಟಣದ್ದು ಆದಿರಂಗ, ಇದು ಮಧ್ಯರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ. ಅವನಿಗೆ ಬೇಕಾದ್ದು ಹೊಳೆಯ ನಡುವಿನ ಜಾಗವೇ ಅಂತ ಕಾಣುತ್ತದೆ. ಸೋಮೇಶ್ವರನ ಗುಡಿಯೂ ನೋಡುವಂಥದ್ದು. ಗಗನಚುಕ್ಕಿಯ ಅಂಚಿನಲ್ಲಿ ಒಂದು ದರ್ಗಾ ಇದೆ, ಎಲ್ಲ ಜಾತಿಯವರೂ ಬರುತ್ತಾರೆ.

ನನಗೆ ಹೆಚ್ಚು ಇಷ್ಟವಾದದ್ದು ಹಳೆಯ ಸೇತುವೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮುದಲಿಯಾರ್ ಎಂಬವರು ಮುಂದೆ ನಿಂತು ಎರಡು ಕವಲಿಗೂ ಸೇತುವೆ ಕಟ್ಟಿಸಿದರು. ಬಂಡೆಯ ಮೇಲೆ ಕಲ್ಲಿನ ಕಂಬ, ಕಂಬದ ಮೇಲೆ ಕಲ್ಲಿನ ತೊಲೆ, ನಮ್ಮ ಗುಡಿಯ ಮಂಟಪವನ್ನೇ ಉದ್ದಕ್ಕೆ ಎಳೆದ ಹಾಗೆ. ಮೆಚ್ಚಿದ ಸರ್ಕಾರ ಅವರಿಗೆ ಜಹಗೀರು ಮತ್ತು 'ಜನೋಪಕಾರ ಕಾಮಕರ್ತ' ಎಂಬ ಬಿರುದು ಕೊಟ್ಟಿತು. ಶತ್ರು ದಾಟಬಾರದು ಅಂತ ಒಬ್ಬ ರಾಜ ಆರಿಸಿದ ಜಾಗವನ್ನು ಮುನ್ನೂರು ವರ್ಷದ ಮೇಲೆ ಒಬ್ಬರು ಎಲ್ಲರೂ ದಾಟಲಿ ಅಂತ ತೆರೆದರು.

ಆದರೂ ಹೊಳೆ ಗಡಿಯಾಗಿಯೇ ಉಳಿದಿತ್ತು. 1956ರವರೆಗೆ ಕೊಳ್ಳೇಗಾಲ ಮದರಾಸು ಕಡೆಯ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮಳವಳ್ಳಿ ಮೈಸೂರಿನದು. ಇತ್ತ ಕನ್ನಡ, ಅತ್ತ ಕನ್ನಡ, ನಡುವೆ ಮಾತ್ರ ಎರಡು ಸರ್ಕಾರ. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದ ಕತೆ ಎಲ್ಲರಿಗೂ ಗೊತ್ತಿರುವುದರಿಂದ ಮತ್ತೆ ಬರೆಯುವುದಿಲ್ಲ.

2018ರ ಪ್ರವಾಹದಲ್ಲಿ ಆ ಹಳೆಯ ಸೇತುವೆಗಳಲ್ಲಿ ಒಂದರ, ವೆಸ್ಲಿ ಸೇತುವೆ ಅಂತಾರಲ್ಲ ಅದರ, ಒಂದು ಭಾಗ ಕೊಚ್ಚಿಹೋಯಿತು. ನೀವು ಬೆಟ್ಟಕ್ಕೆ ಹೋಗುವಾಗ ಒಂದು ಗಂಟೆ ಮುಂಚೆ ಹೊರಟು ಇಲ್ಲಿ ಇಳಿಯಿರಿ. ಬೇಸಿಗೆಯಲ್ಲಾದರೆ ಒಳ್ಳೆಯದು, ನೀರು ಕಮ್ಮಿ ಇರುತ್ತದೆ. ದಡದಲ್ಲೇ ನಿಂತು, ದಂಡು ಎಲ್ಲಿ ಹಾದು ಬಂದಿರಬಹುದು ಅಂತ ನೋಡಿ. ಹೊಳೆಗೆ ಮಾತ್ರ ಇಳಿಯಬೇಡಿ. ಬಂಡೆ ಜಾರುತ್ತದೆ, ಮೇಲಿನಿಂದ ನೀರು ಯಾವಾಗ ಬಿಡುತ್ತಾರೋ ಗೊತ್ತಾಗುವುದಿಲ್ಲ.