ಏಲಕ್ಕಿ ಸೀಮೆಯ ರೋಚಕ ಕಾದಂಬರಿ

ತೀರ್ಥಹಳ್ಳಿ ತಾಲ್ಲೂಕಿನ ಉತ್ತರಕ್ಕೆ ಕೋಣಂದೂರು, ದಕ್ಷಿಣಕ್ಕೆ ಕುಪ್ಪಳಿ. ಅಡಿಕೆ ತೋಟ, ಏಲಕ್ಕಿ, ದಟ್ಟ ಕಾಡಿನ ಈ ಸೀಮೆಯನ್ನು ಕನ್ನಡ ಕಾದಂಬರಿಗೆ ತಂದವರು ಕುವೆಂಪು. ಇಂಥದೇ ಮಲೆನಾಡನ್ನು ರೋಚಕ ಕಾದಂಬರಿಯ ನೆಲವಾಗಿಸಿದವರು ಅವರ ಮಗ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007).

ತೇಜಸ್ವಿಯವರಿಗಿಂತ ಮೊದಲೇ ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಗೆ ದೊಡ್ಡ ಓದುಗ ಬಳಗವಿತ್ತು. ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅಕ್ಷರ ಕೂಡಿಸಿ ಓದುತ್ತಿದ್ದವರನ್ನು ಪುಸ್ತಕದ ಗೀಳಿಗೆ ಹಚ್ಚಿದ ಆ ಕೆಲಸಕ್ಕೆ ಸಿಗಬೇಕಾದ ಮನ್ನಣೆ ವಿಮರ್ಶಕರಿಂದ ಸಿಗಲಿಲ್ಲ. ಟಿ.ಕೆ. ರಾಮರಾವ್ ಕುತೂಹಲದ ಕಥನವನ್ನು ಸಾಮಾಜಿಕ ಕಾದಂಬರಿಯ ಹತ್ತಿರಕ್ಕೆ ತಂದರು. ಆದರೂ ಗಂಭೀರ ಸಾಹಿತ್ಯಕ್ಕೂ ರೋಚಕ ಸಾಹಿತ್ಯಕ್ಕೂ ನಡುವೆ ಗೋಡೆ ಉಳಿದೇ ಇತ್ತು.

ಮೈಸೂರಿನಲ್ಲಿ ಓದಿದ ತೇಜಸ್ವಿ ನೌಕರಿಗೆ ಹೋಗದೆ ಮೂಡಿಗೆರೆಯಲ್ಲಿ ಕೃಷಿಗೆ ಇಳಿದರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯ ಸಾಹಿತ್ಯದ ದಾರಿಯನ್ನು ಬಿಡುವುದಾಗಿ ಸಾರಿದರು. ಹಾರುವ ಓತಿಯನ್ನು ಹುಡುಕಿ ಹೊರಡುವ ‘ಕರ್ವಾಲೊ’ (1980) ಬಂದಾಗ ಶೋಧವೇ ಅವರ ಕಥನದ ಬೆನ್ನೆಲುಬಾಗಿತ್ತು.

‘ಚಿದಂಬರ ರಹಸ್ಯ’ದಲ್ಲಿ (1985) ಆ ಶೋಧ ಪತ್ತೇದಾರಿಯ ರೂಪ ಪಡೆಯಿತು. ಏಲಕ್ಕಿ ಬೆಳೆ ಕುಸಿದದ್ದೇಕೆ, ಏಲಕ್ಕಿ ಸಂಶೋಧನಾ ಕೇಂದ್ರದ ವಿಜ್ಞಾನಿ ಜೋಗಿಹಾಳರು ಸತ್ತದ್ದು ಹೇಗೆ ಎಂದು ತಿಳಿಯಲು ಗುಪ್ತಚರ ಅಧಿಕಾರಿಯೊಬ್ಬ ಕೆಸರೂರಿಗೆ ಬರುತ್ತಾನೆ. ಅವನು ಕೆದಕಿದಷ್ಟೂ ಕಾಣುವುದು ಜಾತಿ, ಮತ, ಕಳ್ಳನಾಟಾ, ರಾಜಕೀಯ ಒಂದಕ್ಕೊಂದು ಹೆಣೆದುಕೊಂಡ ಊರು. ಕೊನೆಗೆ ಕಾಡಿನ ಬೆಂಕಿ ಊರನ್ನೇ ಸುತ್ತುವರಿಯುತ್ತದೆ. ಒಬ್ಬ ಅಪರಾಧಿಯನ್ನು ಹಿಡಿದು ಕಥೆ ಮುಗಿಸುವ ಪದ್ಧತಿಯನ್ನು ಕೈಬಿಟ್ಟದ್ದೇ ಈ ಕೃತಿಯ ನಿಜವಾದ ಸಾಹಸ. 1987ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

‘ಜುಗಾರಿ ಕ್ರಾಸ್’ (1994) ಇನ್ನೂ ಬಿಗಿಯಾದ ಕೃತಿ. ಸುರೇಶ ಮತ್ತು ಗೌರಿ ಎಂಬ ಕೃಷಿಕ ದಂಪತಿ ಏಲಕ್ಕಿ ಮಾರಲು ಪೇಟೆಗೆ ಹೊರಡುತ್ತಾರೆ. ಇಡೀ ಕಥೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ನಡೆದುಹೋಗುತ್ತದೆ. ತೂಕ ಕಡಿಮೆ, ಬೆಲೆ ಹೆಚ್ಚು ಇರುವ ಏಲಕ್ಕಿ ಕಳ್ಳಸಾಗಣೆಯವರಿಗೂ ಬಲು ಅನುಕೂಲದ ಸರಕು. ಹಾಗಾಗಿ ಕಾಡಿನ ನಡುವಿನ ಒಂದು ಅಡ್ಡರಸ್ತೆ ದೂರದ ನಗರಗಳ ಕರಾಳ ವ್ಯವಹಾರಕ್ಕೆ ಸುಲಭವಾಗಿ ಕೊಂಡಿಯಾಗುತ್ತದೆ. ಕಥೆಯ ಇನ್ನೊಂದು ಎಳೆ ರತ್ನದ ಶೋಧ; ಎರಡು ಅರ್ಥ ಹೊಮ್ಮಿಸುವ ಹಳೆಯ ಕಾವ್ಯವೊಂದರಲ್ಲಿ ಅದರ ನೆಲೆಯ ಸುಳಿವು ಅಡಗಿರುತ್ತದೆ. ಹಳಗನ್ನಡದ ಪಾಂಡಿತ್ಯವನ್ನೇ ಪತ್ತೇದಾರಿಯ ಸಾಧನವಾಗಿಸಿದ ಈ ಭಾಗ ಕಾದಂಬರಿಯ ಅತ್ಯುತ್ತಮ ಕಲ್ಪನೆ. ದಂಪತಿಗೆ ಮಾತ್ರ ತಮ್ಮ ಸುತ್ತ ಹೆಣೆದಿರುವ ಬಲೆ ಪೂರ್ತಿಯಾಗಿ ಕಾಣುವುದಿಲ್ಲ. ಭಯ ಹುಟ್ಟುವುದು ಅಲ್ಲಿಂದಲೇ.

ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ‘ಕಾಡಿನ ಕಥೆಗಳು’ ಮಾಲೆಯಾಗಿ ಕನ್ನಡಕ್ಕೆ ತಂದದ್ದೂ ತೇಜಸ್ವಿಯವರೇ. ಮುಂದೆ ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ ‘ಕನಕ ಮುಸುಕು’ ಮೊದಲಾದ ಕಾದಂಬರಿಗಳಲ್ಲಿ ಇತಿಹಾಸ, ಶಿಲ್ಪ, ಶಾಸನಗಳ ಸುಳಿವು ಹಿಡಿದು ರೋಚಕ ಕಥನವನ್ನು ಬೆಳೆಸಿದರು.